ಮೀಸೆ ಕಳೆದುಕೊಂಡ ಇಲಿಗಳು

"ಕದ್ದ ಮಾಲಿಗೆ ಯಾರಾದ್ರೂ ಹಾಸಿಗೆ ಬದಲಾಯಿಸ್ತಾರೇನಪ್ಪಾ?"

ಮರದ ಹೊಟ್ಟಿನ ಮೂಟೆಗಳ ಹಿಂದಿನಿಂದ ಪಂಜರವನ್ನು ಎಳೆದು ಬೆಳಕಿಗಿಟ್ಟು ಇನ್‌ಸ್ಪೆಕ್ಟರಮ್ಮ ಕೇಳಿದಳು. "ನೀರು ತುಂಬಿಸಿದೀಯ. ಕಾಳು ಹಾಕಿದೀಯ. ಗೂಡು ಕಟ್ಟಿಕೊಳ್ಳಲಿ ಅಂತ ಹತ್ತಿ ಬೇರೆ! ಕಳ್ಳ ಹೊರಗಿನವನಲ್ಲ ಅಂತ ತಿಳಿಯೋಕೆ ಪೊಲೀಸ್ ನಾಯಿ ಬೇಕಿರಲಿಲ್ಲ."

ಪ್ರಾಣಿಗೃಹದ ಪಶುವೈದ್ಯ ಬಾಗಿಲಿಗೆ ಒರಗಿ ನಿಂತಿದ್ದ. ಮುಖದ ಮಾಸ್ಕನ್ನು ಗಲ್ಲಕ್ಕಿಳಿಸಿದ. ಓಡಿಹೋಗುವ ಲಕ್ಷಣವೇನೂ ಕಾಣಲಿಲ್ಲ. ನೋಯುತ್ತಿದ್ದ ಹಲ್ಲು ಕೊನೆಗೂ ಕಿತ್ತುಬಂದವನ ಮುಖ ಅದು.

ಮೊನ್ನೆ ಸಂಶೋಧನಾಲಯದಿಂದ ಮಾಯವಾಗಿ ಆಡಳಿತ ಮಂಡಳಿಯ ನಿದ್ದೆಗೆಡಿಸಿದ್ದ ಪಂಜರ ಇದೇ. ಪಾರದರ್ಶಕ ಪ್ಲಾಸ್ಟಿಕ್ಕಿನ ಡಬ್ಬ, ಮೇಲೆ ತಂತಿಯ ಮುಚ್ಚಳ. ಒಳಗೆ ಬಿಳಿ ಇಲಿಗಳು. ಒಂದೊಂದರ ಬೆನ್ನ ಮೇಲೂ ಹೆಬ್ಬೆರಳ ಉಗುರಿನಷ್ಟಗಲ ಕಪ್ಪು ರೋಮ. ಬಿಳಿ ಅಂಗಿಗೆ ಕೈಗೆ ಸಿಕ್ಕಿದ ಬಟ್ಟೆಯಲ್ಲಿ ತೇಪೆ ಹಾಕಿದ ಹಾಗೆ.

ಅದು ಕಪ್ಪು ತಳಿಯ ಇಲಿಯಿಂದ ತೆಗೆದು ಕಸಿ ಮಾಡಿದ ಚರ್ಮ. ಪರರ ಚರ್ಮವನ್ನು ಯಾವ ದೇಹವೂ ಸುಮ್ಮನೆ ಇಟ್ಟುಕೊಳ್ಳುವುದಿಲ್ಲ. ರಕ್ತದ ಕಾವಲುಗಾರ ಕೋಶಗಳು ಒಂದೆರಡು ವಾರದಲ್ಲಿ ಅದರ ಗುರುತು ಹಿಡಿದು, ಒಣಗಿಸಿ, ಉದುರಿಸಿಬಿಡುತ್ತವೆ. ಆದರೆ ಇಲ್ಲಿಯ ದೊಡ್ಡ ಡಾಕ್ಟರು ಕಂಡುಹಿಡಿದ ಸೀರಂ ಪಡೆದ ಇಲಿಗಳಲ್ಲಿ ವರ್ಷ ಕಳೆದರೂ ಕಸಿ ಕದಲಿರಲಿಲ್ಲ.

ಆ ನಂಬಿಕೆಯ ಮೇಲೆ ನಾಳೆ ಬೆಳಗ್ಗೆ, ಪಕ್ಕದ ಕಟ್ಟಡದಲ್ಲಿರುವ ಆಸ್ಪತ್ರೆಯಲ್ಲಿ, ಇನ್‌ಸ್ಪೆಕ್ಟರಮ್ಮನ ಅಕ್ಕನಿಗೆ ಭಾವನ ಮೂತ್ರಪಿಂಡ ಜೋಡಿಸುವುದಿತ್ತು. ಸೀರಂನ ಮೊದಲ ಡೋಸ್ ಇವತ್ತು ಸಂಜೆಯೇ. ಸೀರಂ ಕೈಹಿಡಿದರೆ ಅಕ್ಕ ಉಳಿಯುತ್ತಾಳೆ. ಕೈಕೊಟ್ಟರೆ ಅಕ್ಕನೂ ಉಳಿಯುವುದು ಕಷ್ಟ, ಭಾವನದೊಂದು ಮೂತ್ರಪಿಂಡವೂ ನೀರಿನಲ್ಲಿ ಹೋಮ.

ಬಹಳ ವರ್ಷಗಳ ಹಿಂದೆ ತನ್ನ ಎರಡರಲ್ಲಿ ಒಂದನ್ನು ತಂಗಿಗೆ ಕೊಟ್ಟವಳು ಇದೇ ಅಕ್ಕ. ಅದನ್ನು ತಂಗಿಯ ಹೊಟ್ಟೆಯೊಳಗೆ ಕೂರಿಸಿದವರು ಇದೇ ದೊಡ್ಡ ಡಾಕ್ಟರು. ಅಕ್ಕನಲ್ಲಿ ಉಳಿದಿದ್ದ ಒಂದು ಈಗ ಸೋತಿತ್ತು.

ಅದಕ್ಕೇ ಇನ್‌ಸ್ಪೆಕ್ಟರಮ್ಮ ಈ ತನಿಖೆ ಬೇಡವೆಂದಿದ್ದಳು. "ನಾನು ಎರಡೂ ಕಡೆ ಋಣ ಇರೋಳು, ಬೇರೆ ಯಾರನ್ನಾದ್ರೂ ಕರೀರಿ," ಎಂದಾಗ ಆಡಳಿತ ಮಂಡಳಿಯ ಹಿರಿಯರು, "ನಿಜ ಏನು ಅಂತ ನಿಮಗಿಂತ ಹೆಚ್ಚು ಬೇಕಾದವರು ಇನ್ಯಾರಿದಾರಮ್ಮ?" ಎಂದು ಬಾಯಿ ಮುಚ್ಚಿಸಿದ್ದರು.

"ಯಾಕೆ ಕದ್ದೆ?" ಅವಳು ಪಶುವೈದ್ಯನನ್ನು ಕೇಳಿದಳು.

"ಕದಿಯಲಿಲ್ಲ ಮೇಡಂ, ಉಳಿಸಿದೆ. ಆಪರೇಷನ್‌ಗೆ ಮುಂಚೆ ಸೀರಂ ಇಲಿಗಳನ್ನೆಲ್ಲ ಕೊಂದು ಚರ್ಮ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಅದು ಕ್ರಮ. ಉಳಿದ ಪಂಜರಗಳೆಲ್ಲ ಹೋದವು. ಇದೊಂದು ಜೀವಂತ ಇರಲಿ ಅನ್ನಿಸ್ತು."

"ಕನಿಕರಾನಾ?"

"ಅನುಮಾನ."

ಅವನು ಕೈತೊಳೆದು, ಅಂಗೈಗಳನ್ನು ಉಜ್ಜಿ ಬಿಸಿಮಾಡಿಕೊಂಡು, ಒಂದು ಇಲಿಯನ್ನು ಎತ್ತಿದ. ತಣ್ಣನೆಯ ಕೈಯಲ್ಲಿ ಅವನು ಯಾವ ಪ್ರಾಣಿಯನ್ನೂ ಮುಟ್ಟುತ್ತಿರಲಿಲ್ಲ. "ನೋಡಿ, ಅಂಚಿನಲ್ಲಿ ಒಂದು ಸುಕ್ಕಿಲ್ಲ, ಹೊಪ್ಪಳಿಕೆ ಇಲ್ಲ. ಔಷಧಿ ಕೊಟ್ಟು ನಿಲ್ಲಿಸಿದ ಜಗಳ ಎಲ್ಲಾದರೂ ಒಂದು ಕಡೆ ಹೊಗೆಯಾಡಬೇಕು. ಇಲ್ಲಿ ಜಗಳವೇ ಆಗಿಲ್ಲ ಅನ್ನೋ ಹಾಗಿದೆ. ತುಂಬಾ ಚೆನ್ನಾಗಿರೋದೇ ನನ್ನ ಅನುಮಾನ."

"ಬಾಯಿಬಿಟ್ಟು ಡಾಕ್ಟರಿಗೆ ಹೇಳೋದಲ್ವಾ?"

"ನನ್ನ ಗುರುಗಳು ಅವರು. ಗೆದ್ದು ಬಂದ ಗುರುವಿನ ಮುಂದೆ ನಿಂತು, ಸ್ವಾಮಿ ನೀವು ಯಾಕೆ ಗೆದ್ರಿ ಅಂತ ಕೇಳೋದು ಹೇಗೆ ಮೇಡಂ?"

ಇನ್‌ಸ್ಪೆಕ್ಟರಮ್ಮ ಕನ್ನಡಕವನ್ನು ಒರೆಸಿ ಹಾಕಿಕೊಂಡಳು. ಪೊಲೀಸ್ ಬುದ್ಧಿಗೆ ಮೊದಲು ಹೊಳೆದದ್ದು ಬಣ್ಣ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಕಪ್ಪು ತೇಪೆಯನ್ನು ಉಜ್ಜಿದಳು. ಹತ್ತಿ ಬೆಳ್ಳಗೇ ಉಳಿಯಿತು.

"ಬಣ್ಣ ಅಲ್ಲ. ತಲೆಯಿಂದ ಬಾಲದ ಕಡೆಗೆ ಒಂದು ಸಲ ಸವರಿ."

ಸವರಿದಳು. ಬಿಳಿಯ ರೋಮ ಬೆರಳಿನ ಕೆಳಗೆ ನುಣ್ಣಗೆ ಮಲಗಿತು. ತೇಪೆಯ ಮೇಲೆ ಬಂದ ಕೂಡಲೇ ಕಪ್ಪು ರೋಮ ಬೆರಳಿಗೆ ಎದುರು ನಿಂತಿತು, ಬೆಕ್ಕನ್ನು ಹಿಂದುಮುಂದಾಗಿ ಸವರಿದ ಹಾಗೆ.

"ಹೊಲಿಯುವಾಗ ನಾವು ಬೇಕೆಂದೇ ಚರ್ಮವನ್ನ ತಿರುಗಿಸಿ ಕೂರಿಸ್ತೀವಿ. ಸ್ವಂತ ಕೂದಲು ಬಾಲದ ಕಡೆ, ಕಸಿಯ ಕೂದಲು ತಲೆಯ ಕಡೆ. ನಾಳೆ ಯಾರೂ ಇದು ಇಲಿಯ ಸ್ವಂತ ಚರ್ಮ ಅಂತ ಬೆರಳು ತೋರಿಸಬಾರದಲ್ಲ. ಇದು ಹೊರಗಿಂದ ಬಂದ ಚರ್ಮವೇ. ಅದರಲ್ಲಿ ಎರಡು ಮಾತಿಲ್ಲ."

ಹಾಗಾದರೆ ಕಸಿ ನಿಜ. ನಿಂತದ್ದೂ ನಿಜ. ಇನ್‌ಸ್ಪೆಕ್ಟರಮ್ಮನ ಎದೆ ಒಂದು ಕ್ಷಣ ಹಗುರಾಯಿತು. ಅಂಗೈಯಲ್ಲಿ ಕುಳಿತ ಇಲಿಯ ಮೈ ಬಿಸಿಯಾಗಿತ್ತು, ಎದೆಬಡಿತ ಎಣಿಸಲಾಗದಷ್ಟು ವೇಗ. ಬೆಳಗ್ಗೆ ಸಂಜೆ ತಪ್ಪದೆ ತಾನು ನುಂಗುವ ಮಾತ್ರೆಗಳು ಮೊದಲು ಇಂಥವುಗಳ ಹೊಟ್ಟೆಗೆ ಹೋಗಿ ಬಂದವು ಎಂಬುದು ಅವಳಿಗೆ ತಿಳಿಯದ್ದೇನಲ್ಲ. ತಿಳಿದಿದ್ದನ್ನು ಕೈಯಲ್ಲಿ ಹಿಡಿದು ನೋಡಿದ್ದು ಮಾತ್ರ ಈಗಲೇ. "ನಿನ್ನ ವಂಶ ತಣ್ಣಗಿರಲಿ ಕಣೋ," ಎಂದಳು ಮೆಲ್ಲಗೆ.

ಹಾಗೆಂದು ಮುಖಕ್ಕೆ ಮುಖ ಹಿಡಿದಾಗಲೇ ಅದು ಕಂಡದ್ದು.

"ಇದಕ್ಕೆ ಮೀಸೆ ಎಲ್ಲಿ?"

"ಹಾಂ?"

"ಮೀಸೆ. ಆಗಲೇ ನೀನು ತೋರಿಸಿದ ಪಂಜರದಲ್ಲಿ, ಸೀರಂ ಕೊಡದ ಇಲಿಗಳಿದ್ವಲ್ಲ, ಬೆನ್ನ ಮೇಲೆ ಬರೀ ಕಲೆ ಉಳಿದಿರೋವು, ಅವಕ್ಕೆ ಇಷ್ಟುದ್ದ ಮೀಸೆ ಇತ್ತು. ಇದಕ್ಕೆ ಬುಡಕ್ಕೇ ಕತ್ತರಿಸಿದ ಹಾಗಿದೆ." ಪಂಜರಕ್ಕೆ ಬಗ್ಗಿದಳು. "ಇದಕ್ಕೂ ಇಲ್ಲ. ಅದಕ್ಕೂ ಇಲ್ಲ. ಮೂಲೆಯಲ್ಲಿರೋ ಈ ದಪ್ಪನೆಯವನಿಗೆ ಮಾತ್ರ ರಾಜರ ಮೀಸೆ."

ಪಶುವೈದ್ಯ ನಕ್ಕುಬಿಟ್ಟ. "ಅವನೇ ಈ ಪಂಜರದ ಯಜಮಾನ ಮೇಡಂ. ಜೊತೆಯವರನ್ನ ಹಿಡಿದು ಕೂರಿಸಿ ಹಲ್ಲಲ್ಲೇ ಕ್ಷೌರ ಮಾಡ್ತಾನೆ. ಅವೂ ಕಣ್ಣುಮುಚ್ಚಿ ಮಾಡಿಸಿಕೊಳ್ತಾವೆ. ಆಪರೇಷನ್ ಆಗಿದೆ, ಬೇಜಾರಿಗೆ ಮಾಡ್ತಿರಬೇಕು ಅಂದುಕೊಂಡಿದ್ದೆ. ನಮ್ಮ ಕಪ್ಪು ತಳಿಯವಕ್ಕಂತೂ ಈ ಚಾಳಿ ಹುಟ್ಟಿನಿಂದಲೇ..."

ನಗು ಅರ್ಧಕ್ಕೇ ನಿಂತಿತು.

"ಬಿಳಿಯವಕ್ಕೆ?"

"ನಾನು ಕಂಡಿದ್ದಿಲ್ಲ," ಎಂದ. ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

ಇಬ್ಬರೂ ಪಂಜರವನ್ನೇ ನೋಡಿದರು.

"ಒಂದು ಮಾತು ಕೇಳ್ತೀನಿ, ನಗಬೇಡ," ಎಂದಳು ಇನ್‌ಸ್ಪೆಕ್ಟರಮ್ಮ. "ಕಪ್ಪು ತಳಿಯಲ್ಲಿ ಬಿಳಿ ಮಕ್ಕಳು ಹುಟ್ಟೋದುಂಟಾ?"

"ಉಂಟು. ಹುಟ್ಟಿಸ್ತೀವಿ. ಮೇಲಿನ ಮಹಡಿಯವರು ಇಲಿಯೊಳಗೆ ಮಿನುಗುವ ಕೋಶಗಳನ್ನಿಟ್ಟು ಕ್ಯಾಮೆರಾದಲ್ಲಿ ನೋಡ್ತಾರೆ. ಕಪ್ಪು ಕೂದಲು ಬೆಳಕನ್ನ ನುಂಗಿಬಿಡುತ್ತೆ. ಅದಕ್ಕೆ ಅವರಿಗಾಗಿ ಅದೇ ವಂಶದಲ್ಲಿ ಬಿಳೀದನ್ನ ಬೆಳೆಸ್ತೀವಿ. ಬಣ್ಣದ ಒಂದು ಜೀನ್ ಬಿಟ್ಟರೆ ಮಿಕ್ಕಿದ್ದೆಲ್ಲ ಕಪ್ಪಿನದೇ. ನಮ್ಮ ಬಿಳಿ ತಳಿಯ ಪಕ್ಕದಲ್ಲಿ ನಿಲ್ಲಿಸಿದರೆ ಹೆತ್ತ ತಾಯಿಗೂ ಗುರುತು ಸಿಗೋಲ್ಲ." ಅವನು ಸ್ಟೂಲಿನ ಮೇಲೆ ಕುಸಿದ. "ಅಯ್ಯೋ ದೇವರೇ. ಇವು ಅವೇ ಆಗಿದ್ರೆ ಆ ಕಪ್ಪು ಚರ್ಮ ಇವಕ್ಕೆ ಪರರದ್ದೇ ಅಲ್ಲ. ಒಡಹುಟ್ಟಿದವರದ್ದು, ಅದೂ ಅವಳಿಗಳ ಹಾಗೆ ಒಂದೇ ಅಚ್ಚಿನವರದ್ದು. ಸೀರಂ ಬದಲು ಬರೀ ಉಪ್ಪುನೀರು ಚುಚ್ಚಿದ್ದರೂ ಕಸಿ ನಿಲ್ತಿತ್ತು."

"ಮೀಸೆ ನೋಡಿ ಯಾರನ್ನೂ ಹಿಡಿಯೋಕೆ ಆಗೋಲ್ಲಪ್ಪ. ಗಟ್ಟಿ ಸಾಕ್ಷಿ?"

"ಬಾಲದ ತುದಿಯಿಂದ ಒಂದು ಹನಿ ರಕ್ತ ಸಾಕು. ಕೋಶಗಳ ಮೇಲೆ ವಂಶದ ಗುರುತಿರುತ್ತೆ, ಬಣ್ಣ ಹಚ್ಚಿ ಯಂತ್ರಕ್ಕೆ ಕೊಟ್ಟರೆ ಹೇಳುತ್ತೆ. ನೀವು ಅಕ್ಕನ್ನ ನೋಡಿಕೊಂಡು ಬರೋಷ್ಟರಲ್ಲಿ ಆಗುತ್ತೆ."

*

ವಾರ್ಡಿನಲ್ಲಿ ಅಕ್ಕ ಡಯಾಲಿಸಿಸ್ ಮುಗಿಸಿ ಒರಗಿದ್ದಳು. ಪಕ್ಕದ ಮಂಚದ ಮೇಲೆ ಭಾವ ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು, ಹಿಂದಿನ ದಾರ ಬಿಚ್ಚಿಹೋಗದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಕಿತ್ತಳೆ ಸುಲಿಯುವ ಸಾಹಸ ನಡೆಸಿದ್ದ.

"ಬಾರೇ ಪುಟ್ಟಿ. ನಿಮ್ಮ ಭಾವ ಬೆಳಗ್ಗೆಯಿಂದ ಕನ್ನಡಿ ನೋಡಿಕೊಳ್ತಿದಾರೆ. ದಾನಶೂರರ ಮುಖ ಹೇಗಿರುತ್ತೆ ಅಂತ."

ಪಿಂಚಣಿ ಹತ್ತಿರ ಬಂದ ವಯಸ್ಸಿನಲ್ಲೂ ಇನ್‌ಸ್ಪೆಕ್ಟರಮ್ಮ ಅಕ್ಕನಿಗೆ ಪುಟ್ಟಿಯೇ.

"ನಗು ನಗು," ಎಂದ ಭಾವ. "ಡಾಕ್ಟ್ರು ಏನಂದ್ರು ಕೇಳಿದೆಯಾ ಪುಟ್ಟಿ? ನಿಮ್ಮಕ್ಕ ಹೆತ್ತ ಮಕ್ಕಳೆಲ್ಲ ನನ್ನ ಗುರುತು ಹೊತ್ತವರಂತೆ. ಒಂದೊಂದು ಬಸಿರಿನಲ್ಲೂ ಇವಳ ರಕ್ತ ಅದನ್ನ ನೋಡಿ ನೋಡಿ, ಇವನು ಪರಕೀಯ ಅಂತ ಬರೆದಿಟ್ಟುಕೊಂಡಿದೆಯಂತೆ. ನನ್ನ ಕಿಡ್ನಿ ಕಂಡರೆ ಕೋಲು ಹಿಡಿದು ನಿಲ್ಲುತ್ತಂತೆ."

"ಸುಳ್ಳಾ ಅದು?" ಅಕ್ಕ ಕಿತ್ತಳೆಯ ತೊಳೆಗೆ ಕೈ ಚಾಚಿದಳು. "ನಾನು ಸಹಿಸಿಕೊಂಡೆ ಅಂತ ನನ್ನ ರಕ್ತನೂ ಸಹಿಸಿಕೊಳ್ಳಬೇಕಾ? ಪಾಪ, ಅದಕ್ಕಾದರೂ ಸ್ವಾಭಿಮಾನ ಬೇಡ್ವಾ?"

"ಒಂದೇ ತೊಳೆ," ಎಂದ ಭಾವ, ಅದರಲ್ಲೂ ಅರ್ಧ ಮುರಿದು ಕೊಟ್ಟ. ಕಿತ್ತಳೆ ಅವಳ ಪಥ್ಯಕ್ಕೆ ಆಗುತ್ತಿರಲಿಲ್ಲ.

ಇನ್‌ಸ್ಪೆಕ್ಟರಮ್ಮನೂ ನಕ್ಕಳು. ತನಗೆ ಕೊಡುವ ಹೊತ್ತಿಗೆ ಅಕ್ಕ ಹೀಗೇ ನಕ್ಕಿದ್ದಳು. ಮುಂದೆ ಒಂದು ದಿನವೂ ಆ ಮಾತು ಎತ್ತಿರಲಿಲ್ಲ. ಸಿಟ್ಟು ಬಂದಾಗಲೂ, ಆಸ್ತಿಯ ಜಗಳದಲ್ಲೂ, ತಂಗಿ ಹಬ್ಬಕ್ಕೆ ಬರದೆ ಡ್ಯೂಟಿ ಅಂದಾಗಲೂ. ಕೊಟ್ಟದ್ದನ್ನು ಮರೆತ ಹಾಗೆ ಬದುಕುವುದು ಕೊಡುವುದಕ್ಕಿಂತ ದೊಡ್ಡದು ಎಂದು ತಂಗಿಗೆ ತಿಳಿಯಲು ಬಹಳ ಕಾಲ ಹಿಡಿದಿತ್ತು.

"ಅಕ್ಕಾ, ಈ ಆಪರೇಷನ್ ಸ್ವಲ್ಪ ಮುಂದೆ ಹೋದರೆ?"

ಅಕ್ಕ ಗಂಡನತ್ತ ನೋಡಿದಳು. ಭಾವ ಸಿಪ್ಪೆ ಎಸೆಯಲು ಎದ್ದುಹೋದ ಮೇಲೆ ದನಿ ತಗ್ಗಿಸಿದಳು. "ಸೂಜಿ ಚುಚ್ಚೋಕೆ ಇನ್ನು ನರ ಉಳಿದಿಲ್ಲ ಪುಟ್ಟಿ. ಮುಂದೆ ಅನ್ನೋದು ನನ್ನ ಹತ್ರ ಜಾಸ್ತಿ ಇಲ್ಲ. ಆದರೆ ಅವರದ್ದು ಸುಮ್ಮನೆ ಹೋಗೋ ಹಾಗಿದ್ರೆ ಮಾತ್ರ ಬೇಡ. ನಿಂಗೆ ಏನಾದ್ರೂ ಗೊತ್ತಾದ್ರೆ ಮುಚ್ಚಿಡಬೇಡ ಕಣೇ."

ಬಾಗಿಲ ಗಾಜಿನಾಚೆ ಪಶುವೈದ್ಯ ಕಾಣಿಸಿಕೊಂಡ. ಒಳಗೆ ಬರಲಿಲ್ಲ. ಇನ್‌ಸ್ಪೆಕ್ಟರಮ್ಮ ಎದ್ದು ಹೋದಾಗ ಎರಡೇ ಮಾತು ಹೇಳಿದ.

"ಕಪ್ಪು ವಂಶವೇ ಮೇಡಂ. ಎಲ್ಲವೂ."

*

ದೊಡ್ಡ ಡಾಕ್ಟರ ಕೋಣೆಗೆ ಅವಳು ಪ್ರತಿವರ್ಷ ಒಂದು ಸಲ ಬರುತ್ತಿದ್ದಳು, ತನಗೆ ಕಸಿಯಾದ ದಿನದಂದು. ಕೈಮುಗಿದು, ಅವರ ಒಣ ಕೆಮ್ಮಿಗೆ ಒಂದು ಬೈಗುಳ ಬೈದು, ಹೋಗುತ್ತಿದ್ದಳು. ಇವತ್ತು ಕೈಮುಗಿಯಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲಿ ನಿಂತಳು. ಕೊನೆಗೆ ಮುಗಿದಳು. ಅಭ್ಯಾಸಬಲ. ಇಷ್ಟು ವರ್ಷ ಉಸಿರಾಡಿದ್ದು ಸುಳ್ಳಲ್ಲವಲ್ಲ.

"ಸಿಕ್ಕಿತಾ ಪಂಜರ?"

"ಸಿಕ್ಕಿತು ಡಾಕ್ಟ್ರೇ. ಆದರೆ ಕಳೆದುಹೋದದ್ದು ಪಂಜರ ಅಲ್ಲ." ಅವಳು ಕುರ್ಚಿ ಎಳೆದುಕೊಂಡಳು. "ನಿಮ್ಮ ಸೀರಂ ಇಲಿಗಳಿಗೆ ಮೀಸೆ ಇಲ್ಲ, ಗಮನಿಸಿದ್ರಾ?"

ಅವರು ಹುಬ್ಬೇರಿಸಿದರು. "ಮೀಸೆ ನೋಡಿ ತೀರ್ಪು ಕೊಡೋಕೆ ಶುರು ಮಾಡಿದ್ರಾ?"

"ಮೀಸೆ ನೋಡಿ ಅನುಮಾನ. ರಕ್ತ ನೋಡಿ ತೀರ್ಪು. ಅವು ಬಿಳಿ ತಳಿಯಲ್ಲ. ಕಪ್ಪು ತಳಿಯ ಬಿಳಿ ಮಕ್ಕಳು. ಕ್ಯಾಮೆರಾ ಕೆಲಸಕ್ಕೆ ಬೆಳೆಸಿದವು."

ಅವಳು ಅವರ ಕೈಗಳನ್ನೇ ನೋಡುತ್ತಿದ್ದಳು. ಅಪರಾಧಿಗಳ ಮುಖ ಸುಳ್ಳು ಹೇಳಬಲ್ಲದು, ಕೈಗಳಿಗೆ ಆ ಚಾತುರ್ಯ ಕಡಿಮೆ ಎಂಬುದು ಅವಳ ವೃತ್ತಿಯ ಅನುಭವ. ಆ ಕೈಗಳು ಮೊದಲು ಸ್ತಬ್ಧವಾದವು. ಆಮೇಲೆ ಮೇಜಿನ ಅಂಚನ್ನು ಹಿಡಿದುಕೊಂಡವು, ಬಿದ್ದುಹೋಗುವವರ ಹಾಗೆ.

"ಪಶುವೈದ್ಯ ಆಗ ರಜೆಯಲ್ಲಿದ್ದ," ಎಂದರು ಅವರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಬಿಳಿ ಇಲಿ ಸಾಲದಾಯ್ತು. ಎದುರಿನ ಕೋಣೆಯಲ್ಲೂ ಬಿಳಿ ಇದ್ವು. ನಾನೇ ಹೋಗಿ ಪಂಜರ ಪಂಜರವೇ ಎತ್ತಿಕೊಂಡು ಬಂದೆ."

"ಎರಡನ್ನೂ ಬೆರೆಸಿದ್ರೆ ಅವತ್ತೇ ಗೊತ್ತಾಗ್ತಿತ್ತಲ್ವಾ? ಒಂದೇ ಪಂಜರದಲ್ಲಿ ಕೆಲವಕ್ಕೆ ಸೀರಂ, ಕೆಲವಕ್ಕೆ ನೀರು?"

"ಅಪರಿಚಿತ ಗಂಡು ಇಲಿಗಳನ್ನ ಒಟ್ಟಿಗೆ ಬಿಟ್ಟರೆ ಕಚ್ಚಾಡಿ ಹೊಲಿಗೆ ಕಿತ್ತುಹಾಕ್ತವೆ. ಅದಕ್ಕೆ ಒಡಹುಟ್ಟಿದವನ್ನ ಅಗಲಿಸೋಲ್ಲ. ಮೊದಲು ಬಂದ ಪಂಜರಗಳಿಗೆ ಹೋಲಿಸಿ ನೋಡೋಕೆ ಬರೀ ಉಪ್ಪುನೀರು, ಆಮೇಲೆ ತಂದವಕ್ಕೆ ಸೀರಂ." ಅವರು ಕಣ್ಣು ಮುಚ್ಚಿದರು. "ಒಂದು ವಂಶ ಪೂರ್ತಿ ಆ ಕಡೆ, ಇನ್ನೊಂದು ವಂಶ ಪೂರ್ತಿ ಈ ಕಡೆ. ಹೀಗೆ ಮಾಡಬೇಡಿ ಅಂತ ಹುಡುಗರಿಗೆ ಪಾಠ ಹೇಳೋನು ನಾನೇ."

ಇನ್‌ಸ್ಪೆಕ್ಟರಮ್ಮನಿಗೆ ಒಳಗಿನಿಂದ ಒಂದು ಕಲ್ಲು ಸರಿದ ಹಾಗಾಯಿತು. ಮೋಸವಲ್ಲ, ತಪ್ಪು. ಜಗಳ ಬೇಡವೆಂದು ಅಣ್ಣತಮ್ಮಂದಿರನ್ನು ಒಟ್ಟಿಗಿಟ್ಟವರ ತಪ್ಪು. ತನಗೆ ಜೀವ ಕೊಟ್ಟ ಮನುಷ್ಯನಿಗೆ ಕೋಳ ತೊಡಿಸಬೇಕಾದೀತೆಂದು ಮಧ್ಯಾಹ್ನವಿಡೀ ಹೆದರಿದ್ದವಳು ಮನಸ್ಸಿನಲ್ಲೇ ಮತ್ತೊಮ್ಮೆ ಕೈಮುಗಿದಳು.

"ಹಾಗಾದ್ರೆ ನಾಳೆಯದ್ದು ನಿಲ್ಲಿಸಿಬಿಡಿ ಡಾಕ್ಟ್ರೇ. ಅಕ್ಕನಿಗೆ ನಾನೇ ಹೇಳ್ತೀನಿ. ಸೀರಂ ಕೆಲಸ ಮಾಡುತ್ತೆ ಅನ್ನೋಕೆ ಈಗ ಏನೂ ಉಳಿದಿಲ್ಲ."

ಅವರು ಫೋನಿನ ರಿಸೀವರ್ ಎತ್ತಿದರು. ಗುಂಡಿ ಒತ್ತಲಿಲ್ಲ. ಮೆಲ್ಲಗೆ ಕೆಳಗಿಟ್ಟರು.

"ನಿಲ್ಲಿಸೋಕೆ ಒಂದು ನಿಮಿಷ ಸಾಕು. ಆದರೆ ಏನೂ ಉಳಿದಿಲ್ಲ ಅಂತ ನಾನು ಹೇಳಲಾರೆ."

"ಇಲಿಗಳೇ ಸುಳ್ಳಾದ ಮೇಲೆ?"

"ಇಲಿಗಳು ಸುಳ್ಳು. ನೀವು ಸುಳ್ಳಲ್ಲ."

ಅವಳಿಗೆ ಅರ್ಥವಾಗಲಿಲ್ಲ.

"ಹೋದ ವರ್ಷ ಜ್ವರ ಅಂತ ಇಲ್ಲಿ ಆಸ್ಪತ್ರೆಗೆ ಸೇರಿಕೊಂಡ್ರಲ್ಲ, ಸೋಂಕು ಅಂದಿದ್ದೆ ನಿಮಗೆ. ಸೋಂಕಲ್ಲ. ಅಕ್ಕ ಕೊಟ್ಟದ್ದನ್ನ ನಿಮ್ಮ ದೇಹ ಹೊರಗೆ ಹಾಕೋಕೆ ಹೊರಟಿತ್ತು. ಇದ್ದ ಔಷಧಿಯೆಲ್ಲ ಕೊಟ್ಟೆ, ಯಾವುದೂ ಹಿಡೀಲಿಲ್ಲ. ಅದೇ ವಾರ ಈ ಇಲಿಗಳ ಕಸಿ ನಿಂತದ್ದು ನೋಡಿದೆ. ಧೈರ್ಯ ಬಂತು. ಡ್ರಿಪ್ಪಿನ ಬಾಟಲಿಗೆ ನಾನೇ ಸೇರಿಸಿದೆ." ಅವರ ದನಿ ಒಡೆಯಿತು. "ನಿಮ್ಮಕ್ಕ ಮೊದಲನೆಯವರಲ್ಲ ಇನ್‌ಸ್ಪೆಕ್ಟರಮ್ಮ. ಮೊದಲನೆಯವರು ನೀವು."

ಹೊರಗೆ ಕಾರಿಡಾರಿನಲ್ಲಿ ಔಷಧಿಯ ಗಾಡಿಯೊಂದು ಗಡಗಡ ಸದ್ದುಮಾಡುತ್ತ ಹಾದುಹೋಯಿತು.

"ನನ್ನನ್ನ ಕೇಳಿದ್ರಾ?"

"ಇಲ್ಲ."

"ಬೇರೆ ಯಾರನ್ನಾದ್ರೂ?"

"ಇಲ್ಲ. ಕೇಳಿದ್ದರೆ ಬೇಡ ಅಂ‌ತಿದ್ರು. ನ್ಯಾಯವಾಗಿ ಅನ್ನಬೇಕಾದ್ದೂ ಅದೇ."

ಅವಳು ಮಾತಾಡಲು ಬಾಯಿ ತೆರೆದಳು. ಬೈಗುಳವೂ ಕೃತಜ್ಞತೆಯೂ ಒಂದೇ ಬಾಗಿಲಲ್ಲಿ ಒಟ್ಟಿಗೆ ಹೊರಡಲು ಹೋಗಿ ಸಿಕ್ಕಿಕೊಂಡ ಹಾಗಿತ್ತು. ಹೋದ ವರ್ಷದಿಂದ ಈಚೆಗೆ ಕಂಡ ಪ್ರತಿ ಬೆಳಗನ್ನೂ ಈ ಮನುಷ್ಯ ತನ್ನನ್ನು ಕೇಳದೆ ಕೊಟ್ಟಿದ್ದ. ಅದೂ ಒಂದು ತಪ್ಪನ್ನು ನಂಬಿಕೊಂಡು.

"ನನ್ನ ಕಿಡ್ನಿ ಸೀರಂನಿಂದಲೇ ಉಳೀತು ಅಂತ ಗ್ಯಾರಂಟಿ ಏನು? ಹಳೇ ಔಷಧಿಯೇ ತಡವಾಗಿ ಹಿಡಿದಿದ್ರೆ?"

"ಗ್ಯಾರಂಟಿ ಇಲ್ಲ. ಇರೋದು ನೀವೊಬ್ಬರೇ."

"ಒಬ್ಬನೇ ಸಾಕ್ಷಿಯ ಮಾತು ನಂಬಿ ನಾನು ಯಾರನ್ನೂ ಒಳಗೂ ಹಾಕಿಲ್ಲ, ಹೊರಗೂ ಬಿಟ್ಟಿಲ್ಲ ಡಾಕ್ಟ್ರೇ."

"ಗೊತ್ತು. ಇದನ್ನ ನೀವು ಮಂಡಳಿಗೆ ಹೇಳಿದ್ರೆ ನಾನು ಜೈಲಿಗೆ, ಸೀರಂ ಕಸದ ಬುಟ್ಟಿಗೆ. ಎರಡೂ ಸರಿಯೇ. ಹೇಳದೇ ಇದ್ದರೆ ಅಕ್ಕ ಮತ್ತು ಭಾವ ಇಬ್ಬರೂ ನಾಳೆ ನಿಮ್ಮೊಬ್ಬರ ಆಧಾರದ ಮೇಲೆ ಮೇಜಿನ ಮೇಲೆ ಮಲಗ್ತಾರೆ. ನಾನು ಏನು ಹೇಳಿದರೂ ನನ್ನ ಕುತ್ತಿಗೆ ಉಳಿಸಿಕೊಳ್ಳೋಕೆ ಹೇಳಿದ ಹಾಗಾಗುತ್ತೆ. ಅದಕ್ಕೆ ನಾನು ಹೇಳೋಲ್ಲ."

ಇನ್‌ಸ್ಪೆಕ್ಟರಮ್ಮನ ಮೊಬೈಲು ಮೊಳಗಿತು. ಅಕ್ಕ.

"ಪುಟ್ಟೀ, ಡಾಕ್ಟ್ರು ನಿನ್ನ ಜೊತೇಲೇ ಇದಾರಂತೆ ಹೌದಾ? ಇಲ್ಲಿ ನರ್ಸಮ್ಮ ಆ ಸೀರಂ ಬಾಟಲಿ ಹಿಡ್ಕೊಂಡು ನಿಂತಿದಾಳೆ. ಕಷ್ಟಪಟ್ಟು ಒಂದು ನರ ಸಿಕ್ಕಿದೆ, ಸೂಜಿನೂ ಕೂತಿದೆ. ಶುರು ಮಾಡಬಹುದಾ ಅಂತ ಕೇಳ್ತಿದಾಳೆ." ಹಿಂದೆ ಭಾವ ಏನೋ ಹೇಳಿದ್ದು, ಅಕ್ಕ ಅವನನ್ನು ಗದರಿದ್ದು ಕೇಳಿಸಿತು. "ಏನೇ, ಲೈನಲ್ಲಿದೀಯಾ? ಹೂಂ ಅನ್ನಲಾ, ಬೇಡ ಅನ್ನಲಾ?"

ಇನ್‌ಸ್ಪೆಕ್ಟರಮ್ಮ ಮೊಬೈಲನ್ನು ಡಾಕ್ಟರ ಕಡೆಗೆ ಚಾಚಿದಳು.

ಅವರು ಕೈ ಚಾಚಲಿಲ್ಲ.